ಸಗಣಿ ತೊಳೆದ ಮೇಲೆ ಹುಲ್ಲು ಕೊಯ್ಯುವ ದಿನ ಬದಲಾಯಿತು

ನೇಪಿಯರ್ ಹುಲ್ಲು ಆಳೆತ್ತರ ಮೀರಿದ ಮೇಲೆಯೇ ನಾನು ಕುಡುಗೋಲು ಹಿಡಿಯುತ್ತಿದ್ದೆ. ಒಂದು ಕೊಯ್ಲಿಗೆ ಹೊರೆಗಟ್ಟಲೆ ಮೇವು ಸಿಗುವಾಗ ಎಳೆಯದನ್ನು ಕೊಯ್ಯಲು ಯಾರಿಗೆ ಮನಸ್ಸು ಬರುತ್ತದೆ? ಹಸುಗಳ ಹೊಟ್ಟೆ ದುಂಡಗೆ ಕಾಣುತ್ತಿತ್ತು, ಗೋದಲಿಯಲ್ಲಿ ಹುಲ್ಲು ಮಿಗುತ್ತಿತ್ತು. ಹಾಲು ಮಾತ್ರ ಏರಲಿಲ್ಲ. ಇಳಿದಾಗಲೆಲ್ಲ ದಾಣಿಯನ್ನು ಒಂದು ಬೊಗಸೆ ಹೆಚ್ಚಿಸುವುದು ನನಗೆ ಗೊತ್ತಿದ್ದ ಏಕೈಕ ಉಪಾಯ.

ಕೊಟ್ಟಿಗೆಗೆ ಬಂದ ಪಶುವೈದ್ಯರೊಬ್ಬರು, “ದಾಣಿ ಚೀಲ ಬಿಚ್ಚುವ ಮೊದಲು ಒಮ್ಮೆ ಸಗಣಿ ತೊಳೆದು ನೋಡಿ” ಎಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೂ ಎರಡು ಬೊಗಸೆ ತಾಜಾ ಸಗಣಿಯನ್ನು ಜರಡಿಗೆ ಹಾಕಿ, ತಿಳಿ ನೀರು ಇಳಿಯುವವರೆಗೆ ತೊಳೆದೆ. ಉಳಿದದ್ದನ್ನು ಅಂಗೈಯಲ್ಲಿ ಹರಡಿದಾಗ ಬೆರಳಿನ ಗೆಣ್ಣಿಗಿಂತ ಉದ್ದದ ಕಾಂಡದ ಸೀಳುಗಳು, ಹೊಳಪೂ ಮಾಸದೆ ಹಾಗೆಯೇ ಇದ್ದವು. ನಾನು ಬೆಳೆದ ಹುಲ್ಲು ಹಸುವಿನ ಒಳಗೆ ಪ್ರವಾಸ ಮಾಡಿ ಹೊರಬಂದಿತ್ತು ಅಷ್ಟೆ.

ಆಮೇಲೆ ಕೇಳಿ ಓದಿ ತಿಳಿದದ್ದು ಹೀಗೆ. ನಾರನ್ನು ಕರಗಿಸುವ ಕಿಣ್ವ ಹಸುವಿನ ದೇಹದಲ್ಲಿ ತಯಾರಾಗುವುದಿಲ್ಲ; ರೂಮೆನ್ ಎಂಬ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳೇ ಆ ಕೆಲಸ ಮಾಡುತ್ತವೆ. ಅವು ನಾರನ್ನು ಹುದುಗಿಸಿದಾಗ ಹೆಚ್ಚಾಗಿ ಹುಟ್ಟುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿಗೆ ಮುಖ್ಯ ಮೂಲ. ಹುಲ್ಲು ಬಲಿತಂತೆ ನಾರಿನ ನಡುವೆ ಲಿಗ್ನಿನ್ ಸೇರಿಕೊಳ್ಳುತ್ತದೆ. ಮರಕ್ಕೆ ಗಟ್ಟಿತನ ಕೊಡುವುದೂ ಇದೇ. ಲಿಗ್ನಿನ್ ತಾನೂ ಅರಗುವುದಿಲ್ಲ, ತಾನು ಅಂಟಿಕೊಂಡ ನಾರನ್ನೂ ಅರಗಲು ಬಿಡುವುದಿಲ್ಲ. ಅರಗದ ನಾರು ಬೇಗ ಮುಂದೆ ಸಾಗದೆ ರೂಮೆನ್ನಿನಲ್ಲಿಯೇ ಜಾಗ ಹಿಡಿಯುತ್ತದೆ. ದುಂಡಗಿನ ಹೊಟ್ಟೆ, ಗೋದಲಿಯಲ್ಲಿ ಮಿಕ್ಕ ಹುಲ್ಲು ಎರಡಕ್ಕೂ ಕಾರಣ ಇದೇ. ನನ್ನ ಹಸುಗಳ ಹೊಟ್ಟೆ ತುಂಬಿತ್ತು, ಹಸಿವು ತೀರಿರಲಿಲ್ಲ.

ಸುಮಾರು 45 ದಿನದ ಮತ್ತು 75 ದಿನದ ಹುಲ್ಲನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ. ಎನ್‌ಡಿಎಫ್, ಅಂದರೆ ಒಟ್ಟು ನಾರು, ಎರಡರಲ್ಲೂ ತೀರಾ ಬೇರೆಯಾಗಿರಲಿಲ್ಲ. ರೂಮೆನ್ ದ್ರವದಲ್ಲಿ 48 ಗಂಟೆ ಇಟ್ಟಾಗ ಆ ನಾರಿನಲ್ಲಿ ಎಷ್ಟು ಕರಗಿತು ಎಂಬ ಲೆಕ್ಕದಲ್ಲಿ ಮಾತ್ರ ಎಳೆಯ ಹುಲ್ಲು ಎಷ್ಟೋ ಮುಂದಿತ್ತು. ಮೊದಲ ಅಂಕಿಯನ್ನಷ್ಟೇ ನೋಡಿದ್ದರೆ ಹಳೆಯ ದಾರಿಯಲ್ಲೇ ಹೋಗುತ್ತಿದ್ದೆ.

ಹುರುಪಿನಲ್ಲಿ ಮರು ಕೊಯ್ಲನ್ನು 30 ದಿನಕ್ಕೇ ಮಾಡಿದೆ. ತಪ್ಪಾಯಿತು. ನೂರು ಗ್ರಾಂ ಹುಲ್ಲನ್ನು ತೂಕ ಇಳಿಯುವುದು ನಿಲ್ಲುವವರೆಗೆ ಮೈಕ್ರೋವೇವ್ ಒಲೆಯಲ್ಲಿ ಒಣಗಿಸಿ ನೋಡಿದರೆ ಉಳಿದದ್ದು ಬರೀ ಹನ್ನೆರಡು ಗ್ರಾಂ. (ಒಲೆಯೊಳಗೆ ಒಂದು ಲೋಟ ನೀರು ಇಡದಿದ್ದರೆ ಹುಲ್ಲು ಹೊತ್ತಿಕೊಳ್ಳುತ್ತದೆ, ನಾನು ಒಮ್ಮೆ ಮರೆತು, ಮನೆಯವರಿಂದ ಬೈಸಿಕೊಂಡಿದ್ದೇನೆ.) ಹಸುಗಳಿಗೆ ನಾನು ನೀರನ್ನೇ ಹೊತ್ತು ಹಾಕುತ್ತಿದ್ದೆ. ಸಗಣಿ ತೆಳುವಾಯಿತು, ಪದೇ ಪದೇ ಕೊಯ್ದದ್ದರಿಂದ ಕೂಳೆ ಚಿಗುರುವುದೂ ನಿಧಾನವಾಯಿತು.

ಈಗ ತಾಕನ್ನು 45 ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯ ತುದಿಯಲ್ಲಿ ಕೊಯ್ದ ದಿನ ಬರೆದ ಗೂಟ ನೆಟ್ಟಿದ್ದೇನೆ. ದಿನಕ್ಕೊಂದು ಪಟ್ಟಿ. ಆದರೆ ಗೂಟವನ್ನೇ ಕುರುಡಾಗಿ ನಂಬುವುದಿಲ್ಲ, ಏಕೆಂದರೆ ಬಿಸಿಲು ಜೋರಿದ್ದಾಗ ಲಿಗ್ನಿನ್ ಬೇಗ ಕೂಡುತ್ತದೆ. ಕಾಂಡದ ಕೆಳಗಿನ ಗೆಣ್ಣನ್ನು ಉಗುರಿನಿಂದ ಒತ್ತುತ್ತೇನೆ. ಉಗುರು ಇಳಿಯದಿದ್ದರೆ ಗೂಟ ಏನೇ ಹೇಳಲಿ, ಅವತ್ತೇ ಕೊಯ್ಲು.

ಇನ್ನೊಂದು ಪೆಟ್ಟು ತಿಂದದ್ದು ಮೇವು ಕತ್ತರಿಸುವ ಯಂತ್ರದ ವಿಷಯದಲ್ಲಿ. ನುಣ್ಣಗೆ ಕತ್ತರಿಸಿದರೆ ಚೆನ್ನಾಗಿ ಅರಗುತ್ತದೆ ಎಂದು ನಂಬಿದ್ದೆ. ಹಸುಗಳೇನೋ ಗಬಗಬನೆ ತಿಂದವು, ಮೆಲುಕು ಹಾಕುವುದು ಕಡಿಮೆಯಾಯಿತು. ಸಣ್ಣ ತುಣುಕುಗಳು ಸೂಕ್ಷ್ಮಜೀವಿಗಳ ಕೈಗೆ ಸಿಗುವ ಮೊದಲೇ ರೂಮೆನ್ನಿನಿಂದ ಜಾರಿಬಿಡುತ್ತವೆ. ಮೆಲುಕು ಕಡಿಮೆಯಾದರೆ ಜೊಲ್ಲೂ ಕಡಿಮೆ. ರೂಮೆನ್ನಿನ ಹುಳಿಯನ್ನು ತಣಿಸುವುದು ಆ ಜೊಲ್ಲೇ. ಈಗ ತುಣುಕು ಒಂದು ಅಂಗುಲಕ್ಕಿಂತ ಸಣ್ಣದಾಗಲು ಬಿಡುವುದಿಲ್ಲ.

ಆ ಹುಳಿಗೆ ನನ್ನ ದಾಣಿಯೂ ಕಾರಣವಾಗಿತ್ತು. ಖಾಲಿ ಹೊಟ್ಟೆಗೆ ಮುಸುಕಿನ ಜೋಳದ ನುಚ್ಚು ಬಿದ್ದರೆ ರೂಮೆನ್ನಿನ ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಹೆಚ್ಚು) ಇಳಿಯುತ್ತದೆ, 6ಕ್ಕಿಂತ ಕೆಳಗೆ ಹೋದರೆ ನಾರು ಕರಗಿಸುವ ಬ್ಯಾಕ್ಟೀರಿಯಾಗಳು ಸೋಲುತ್ತವೆ. ಒಳ್ಳೆಯ ಹುಲ್ಲೂ ಆಗ ವ್ಯರ್ಥ. ಬೆಳಿಗ್ಗೆ ಮೊದಲು ಹುಲ್ಲು, ಆಮೇಲೆ ದಾಣಿ, ಅದೂ ಎರಡು ಮೂರು ಕಂತಿನಲ್ಲಿ ಎಂದು ಕ್ರಮ ಬದಲಿಸಿದೆ. ಜೊತೆಗೆ ಪ್ರೋಟೀನ್ ಹೆಚ್ಚಿರುವ ಕುದುರೆ ಮೆಂತ್ಯದ ಮೇವನ್ನೂ ಒಂದಿಷ್ಟು ಹಾಕುತ್ತೇನೆ. ಮೇವಿನ ಒಣ ತೂಕದಲ್ಲಿ ಕಚ್ಚಾ ಪ್ರೋಟೀನ್ (ಸಾರಜನಕದ ಲೆಕ್ಕದಿಂದ ಅಂದಾಜಿಸುವ ಒಟ್ಟು ಪ್ರೋಟೀನ್) ಶೇಕಡಾ 7ಕ್ಕಿಂತ ಕಡಿಮೆಯಾದರೆ ಆ ಸೂಕ್ಷ್ಮಜೀವಿಗಳೇ ಉಪವಾಸ ಬೀಳುತ್ತವೆ.

ಹಾಲು ಒಂದೇ ದಿನದಲ್ಲಿ ಏರಲಿಲ್ಲ. ಮೂರನೆಯ ವಾರದಲ್ಲಿ ಮೊದಲು ಕೊಬ್ಬಿನಂಶ, ಬಳಿಕ ಅಳತೆ ಮೇಲೆದ್ದಿತು. ಸಗಣಿಯನ್ನು ಈಗಲೂ ವಾರಕ್ಕೊಮ್ಮೆ ತೊಳೆಯುತ್ತೇನೆ. ಮಳೆ ಬಿಡದೆ ಸುರಿದಾಗ ಕೆಲವು ಪಟ್ಟಿಗಳು ಕೈಮೀರಿ ಬಲಿಯುವುದುಂಟು. ಅದನ್ನು ಕರೆಯುವ ಹಸುಗಳಿಗೆ ಹಾಕುವುದಿಲ್ಲ. ಹಾಲು ಬತ್ತಿಸಿದ ಹಸುಗಳು ಮತ್ತು ದೊಡ್ಡ ಕಡಸುಗಳ ಗೋದಲಿಗೆ ಹೋಗುತ್ತದೆ.