ಮತ್ಸಾ ಹುಡಿ ಇಲ್ಲದೆ ಗೆಫಿಲ್ಟೆ: ಪೆಸಾಖ್ ಮೀನಡುಗೆಯಲ್ಲಿ ನನ್ನ ಅನುಭವ

ಮತ್ಸಾ (ಹುಳಿ ಬರಿಸದ ತೆಳು ರೊಟ್ಟಿ) ಹುಡಿ ಹಾಕದಿದ್ದರೆ ಗೆಫಿಲ್ಟೆ (ಯೆಹೂದಿಗಳ ಮೀನಿನ ಉಂಡೆ) ಸಾರಿನಲ್ಲಿ ಕರಗಿ ಗಂಜಿಯಾಗುತ್ತದೆ, ಸುಮ್ಮನೆ ಫ್ರೋಝನ್ ರೋಲ್ ತಂದು ಕುದಿಸಿ ಎಂದು ಇಲ್ಲಿ ಇಸ್ರೇಲಿನಲ್ಲಿ ಸಾವ್ತಾಗಳ (ಅಜ್ಜಿಯರ) ಮನೆಯಲ್ಲಿ ಅಡುಗೆ ಮಾಡುವ ನಮ್ಮ ಮಂಗಳೂರಿನವರೇ ಹೇಳಿದ್ದರು. ಮೊದಲೆರಡು ಸಲ ಅವರ ಮಾತೇ ನಿಜವಾಯಿತು. ಮೂರನೆಯ ಸಲ ಉಂಡೆ ನಿಂತಿತು. ಆಮೇಲೆ ಪ್ರತಿ ಪೆಸಾಖ್‌ಗೂ ನಿಲ್ಲುತ್ತಿದೆ.

ಸಮಸ್ಯೆ ಇದು. ಪೆಸಾಖ್ ಯೆಹೂದಿಗಳ ಹಬ್ಬ. ಹಬ್ಬದ ಏಳು ದಿನ ಬ್ರೆಡ್ ಹುಡಿ ಮುಟ್ಟುವಂತಿಲ್ಲ, ಅದು ಹಮೇತ್ಸ್, ಅಂದರೆ ಹುಳಿ ಬಂದ ಹಿಟ್ಟಿನ ತಿನಿಸು. ಹೆಚ್ಚಿನ ಮನೆಗಳಲ್ಲಿ ಅದರ ಜಾಗಕ್ಕೆ ಮತ್ಸಾ ಹುಡಿ ಬರುತ್ತದೆ. ಆದರೆ ಹಸಿದಿ ಎಂಬ ಕಟ್ಟಾ ಸಂಪ್ರದಾಯದ ಅನೇಕ ಮನೆಗಳಲ್ಲಿ ಮತ್ಸಾಕ್ಕೆ ನೀರು ತಾಗಿದರೂ ತಿನ್ನುವುದಿಲ್ಲ. ಹೀಗೆ ಒದ್ದೆಯಾದ ಮತ್ಸಾಕ್ಕೆ ಗೆಬ್ರೋಕ್ಟ್ಸ್ ಅನ್ನುತ್ತಾರೆ. ಅಶ್ಕೆನಾಝಿಗಳು (ಪೂರ್ವ ಯುರೋಪ್ ಕಡೆಯ ಯೆಹೂದಿಗಳು) ಆದ್ದರಿಂದ ಅಕ್ಕಿಹಿಟ್ಟು, ಕಡ್ಲೆಹಿಟ್ಟು, ಜೋಳದ ಹಿಟ್ಟು ಕೂಡ ಇಲ್ಲ. ಉಳಿಯುವುದು ಆಲೂಗಡ್ಡೆ ಪಿಷ್ಟ ಮತ್ತು ಮೊಟ್ಟೆ. ನಾನು ಮೊದಲ ಸಲ ಮಾಡಿದ ತಪ್ಪು ಇದೇ: ಮತ್ಸಾ ಹುಡಿಯಷ್ಟೇ ತೂಕದ ಪಿಷ್ಟ ಹಾಕಿದೆ. ಕಿಲೋ ಮೀನಿನ ಮಾಂಸಕ್ಕೆ ನೂರು ಗ್ರಾಂ ಇದ್ದಿರಬೇಕು. ಬಿಸಿ ಇದ್ದಾಗ ಚೆನ್ನಾಗಿತ್ತು. ಫ್ರಿಜ್ಜಿನಲ್ಲಿ ಒಂದು ರಾತ್ರಿ ಕಳೆದ ಮೇಲೆ ರಬ್ಬರ್ ಚೆಂಡು. ಗೆಫಿಲ್ಟೆ ತಣ್ಣಗೇ ಬಡಿಸುವ ಅಡುಗೆ, ಹಾಗಾಗಿ ಬಿಸಿಯಲ್ಲಿ ರುಚಿ ನೋಡಿ ತೀರ್ಮಾನಿಸಬೇಡಿ.

ಎರಡನೆಯ ಸಲ ಪಿಷ್ಟವನ್ನು ಕಾಲು ಭಾಗಕ್ಕೆ ಇಳಿಸಿದೆ, ಆದರೆ ಮೀನನ್ನು ಮಿಕ್ಸಿಗೆ ಹಾಕಿದೆ. ಜಾರ್ ಬಿಸಿಯಾಯಿತು, ಮೀನೂ ಬೆಚ್ಚಗಾಯಿತು. ಉಂಡೆಯನ್ನು ಹಿಡಿದಿಡುವುದು ಹಿಟ್ಟಲ್ಲ, ಮೀನಿನದೇ ಅಂಟು. ಉಪ್ಪು ಹಾಕಿ ನಾದಿದಾಗ ಆ ಅಂಟು ಹೊರಗೆ ಬರುತ್ತದೆ. ಮೀನು ಬೆಚ್ಚಗಾದರೆ ಅಂಟು ಸತ್ತುಹೋಗುತ್ತದೆ. ಸಾಲದ್ದಕ್ಕೆ ಸಾರು ಕೊತಕೊತ ಕುದಿಯುತ್ತಿತ್ತು. ಹತ್ತು ನಿಮಿಷದಲ್ಲಿ ಪಾತ್ರೆಯ ತಳದಲ್ಲಿ ಮೀನಿನ ಕಡುಬೂ ಅಲ್ಲದ, ಸಾರೂ ಅಲ್ಲದ ಒಂದು ಪದಾರ್ಥ. ನೂರಿಪ್ಪತ್ತು ಶೆಕೆಲ್ (ಇಲ್ಲಿಯ ಹಣ) ನೀರುಪಾಲು.

ಈಗ ಮಾಡುವ ಕ್ರಮ ಹೀಗೆ. ನಾಲ್ಕು ಕಿಲೋ ಗೆಂಡೆ ಮೀನು, ಇಲ್ಲಿಯವರ ಕರ್ಪಿಯೋನ್. ಎರಡು ಕಿಲೋದ ಎರಡಕ್ಕಿಂತ ನಾಲ್ಕು ಕಿಲೋದ ಒಂದೇ ಒಳ್ಳೆಯದು, ಮುಳ್ಳು ದಪ್ಪ, ಕೈಗೆ ಸಿಗುತ್ತದೆ. ಶುದ್ಧ ಮಾಂಸ ಒಂದೂವರೆ ಕಿಲೋ ಬಂದರೆ ಪುಣ್ಯ. ಅಂಗಡಿಯಲ್ಲಿ ಕತ್ತರಿಸಿಕೊಳ್ಳುವಾಗ ತಲೆ, ಮುಳ್ಳು, ಚರ್ಮ ಎಲ್ಲ ಬೇರೆ ಚೀಲಕ್ಕೆ ಹಾಕಲು ಹೇಳಿ. ಹೇಳದಿದ್ದರೆ ಎಸೆದುಬಿಡುತ್ತಾರೆ, ನಿಮ್ಮ ಸಾರು ಹೆಪ್ಪುಗಟ್ಟುವುದಿಲ್ಲ. ಪಿತ್ತದ ಚೀಲ ಒಡೆದಿದ್ದರೆ ಆ ಭಾಗ ಕತ್ತರಿಸಿ ತೆಗೆಯಿರಿ. ತಲೆಯಿಂದ ಕಿವಿರು ಪೂರ್ತಿ ಕೀಳಿ, ಕಹಿ ಬರುವುದು ಅಲ್ಲಿಂದಲೇ. ಕೆರೆ ಮೀನಿನ ಮಣ್ಣು ವಾಸನೆಗೆ ಕಲ್ಲುಪ್ಪು ಮತ್ತು ನಿಂಬೆರಸ ಉಜ್ಜಿ ಇಪ್ಪತ್ತು ನಿಮಿಷ ಬಿಟ್ಟು ತೊಳೆಯಿರಿ. ನಮ್ಮ ಕೈ ಹುಣಸೆಹುಳಿ ಕಡೆಗೆ ಹೋಗುತ್ತದೆ, ಬೇಡ, ಬಣ್ಣ ಕೆಡುತ್ತದೆ.

ಮಾಂಸವನ್ನು ಫ್ರೀಝರ್‌ನಲ್ಲಿ ಮುಕ್ಕಾಲು ಗಂಟೆ ಇಡಿ, ಅಂಚು ಗಟ್ಟಿಯಾಗಬೇಕು. ಮಿನ್ಸರಿನ ಸ್ಕ್ರೂ, ತಟ್ಟೆ ಕೂಡ ಅಲ್ಲೇ ಇರಲಿ. ಮೂರು ಮಿಲಿಮೀಟರ್ ತೂತಿನ ತಟ್ಟೆಯಲ್ಲಿ ಎರಡು ಸಲ ಅರೆಯಿರಿ. ಗೆಂಡೆಯಲ್ಲಿ ಕವಲು ಮುಳ್ಳುಗಳಿವೆಯಲ್ಲ, ಅವನ್ನು ಕೈಯಿಂದ ಕೀಳಲು ಹೋದರೆ ಸಂಜೆಯಾಗುತ್ತದೆ. ಎರಡನೆಯ ಅರೆತದಲ್ಲಿ ಹುಡಿಯಾಗುತ್ತವೆ. ಪಕ್ಕೆಲುಬಿನ ಮುಳ್ಳು ಮಾತ್ರ ಮೊದಲೇ ತೆಗೆದಿರಬೇಕು. ಇದರಲ್ಲಿ ಸೋಮಾರಿತನ ಬೇಡ. ಸಬ್ಬತ್ (ಶನಿವಾರದ ವಿರಾಮ) ದಿನ ತಟ್ಟೆಯಲ್ಲಿ ಮುಳ್ಳು ಆರಿಸುವುದು ನಿಷಿದ್ಧ ಕೆಲಸಗಳಲ್ಲಿ ಒಂದು, ಮುಳ್ಳಿಲ್ಲದ ಈ ಉಂಡೆ ಸಬ್ಬತ್ ಮೇಜಿಗೆ ಅಷ್ಟು ಒಗ್ಗಿದ್ದೇ ಅದಕ್ಕೆ.

ಅರೆದ ಕೂಡಲೇ, ಬೇರೇನೂ ಸೇರಿಸುವ ಮೊದಲು, ಉಪ್ಪು. ಕಿಲೋಗೆ ಹದಿನೆಂಟರಿಂದ ಇಪ್ಪತ್ತು ಗ್ರಾಂ. ಐಸ್ ನೀರಿನ ಮೇಲೆ ಪಾತ್ರೆ ಇಟ್ಟು ಐದಾರು ನಿಮಿಷ ಒಂದೇ ದಿಕ್ಕಿನಲ್ಲಿ ನಾದಿ, ನಡುನಡುವೆ ಚಮಚ ಚಮಚವಾಗಿ ಐಸ್ ನೀರು, ಒಟ್ಟು ಅರ್ಧ ಲೋಟ. ಅಂಗೈಗೆ ಅಂಟಿ ಎಳೆ ಎಳೆಯಾಗಿ ಬರಬೇಕು. ಆಮೇಲೆ ಎರಡು ಮೊಟ್ಟೆ, ಸಕ್ಕರೆ, ಬಿಳಿ ಒಳ್ಳೆಮೆಣಸಿನ ಹುಡಿ ಒಂದು ಚಮಚ, ಕೊನೆಗೆ ಪಿಷ್ಟ ಕಿಲೋಗೆ ಇಪ್ಪತ್ತೈದು ಗ್ರಾಂ. ಪಿಷ್ಟವನ್ನು ನಾನು ಒಣಗಿದ್ದಂತೆ ಹಾಕುವುದಿಲ್ಲ. ಹೇಗೆ ಹಾಕುತ್ತೇನೆ ಅನ್ನುವುದು ನನ್ನಲ್ಲೇ ಇರಲಿ, ನಾಲ್ಕು ಸಲ ಮಾಡಿದವರಿಗೆ ತಾನಾಗಿ ಹೊಳೆಯುತ್ತದೆ.

ನೀರುಳ್ಳಿಯದ್ದೇ ಒಂದು ಕಥೆ. ಹಸಿಯಾಗಿ ಅರೆದು ಸೇರಿಸಿದರೆ ಅರ್ಧ ಗಂಟೆಯಲ್ಲಿ ನೀರು ಬಿಡುತ್ತದೆ, ನಾದಿದ್ದೆಲ್ಲ ವ್ಯರ್ಥ. ಕಿಲೋ ಮೀನಿಗೆ ಮುನ್ನೂರೈವತ್ತು ಗ್ರಾಂ ತೆಗೆದುಕೊಂಡು ಸಣ್ಣ ಉರಿಯಲ್ಲಿ, ಕೆಂಪಾಗದಂತೆ, ಎಣ್ಣೆಯಲ್ಲಿ ಬಾಡಿಸಿ ಪೂರ್ತಿ ತಣ್ಣಗಾದ ಮೇಲೆ ಅರೆದು ಸೇರಿಸಿ. ಸಕ್ಕರೆ ಎಷ್ಟು ಅಂತ ಮನೆಯವರನ್ನೇ ಕೇಳಿ. ಪೋಲೆಂಡ್ ಮೂಲದವರಾದರೆ ಕಿಲೋಗೆ ಎರಡು ದೊಡ್ಡ ಚಮಚ, ಲಿಥುವೇನಿಯಾದವರಾದರೆ ಚಿಟಿಕೆ ಸಕ್ಕರೆ, ಮೆಣಸು ಜಾಸ್ತಿ. ಇದರಲ್ಲಿ ತಪ್ಪಿದರೆ ನಿಮ್ಮ ಉಂಡೆ ಎಷ್ಟು ಮೆತ್ತಗಿದ್ದರೂ ಮಾರ್ಕು ಸಿಗುವುದಿಲ್ಲ.

ಹಸಿ ಹಿಟ್ಟನ್ನು ನಾಲಿಗೆಗೆ ಹಚ್ಚಿ ಉಪ್ಪು ನೋಡಬೇಡಿ. ಸಿಹಿನೀರಿನ ಮೀನಿನಲ್ಲಿ ಲಾಡಿಹುಳು ಇರಬಹುದು. ಹಿಂದೆ ಅಮೆರಿಕದಲ್ಲಿ ಗೆಫಿಲ್ಟೆ ಮಾಡುತ್ತಿದ್ದ ಹೆಂಗಸರಿಗೆ ಅದು ತಗಲುತ್ತಿದ್ದದ್ದು ಹೀಗೆ ರುಚಿ ನೋಡಿಯೇ. ಒಂದು ಗೋಲಿ ಗಾತ್ರದ್ದನ್ನು ಬೇಯಿಸಿ, ತಣ್ಣಗೆ ಮಾಡಿ ನೋಡಿ.

ಸಾರಿಗೆ ತಲೆ, ಮುಳ್ಳು, ಚರ್ಮ, ಎರಡು ನೀರುಳ್ಳಿ, ಮೂರ್ನಾಲ್ಕು ಕ್ಯಾರೆಟ್, ಮೂರು ಲೀಟರ್ ನೀರು. ನಾನು ಒಮ್ಮೆ ಐದು ಲೀಟರ್ ಹಾಕಿ ಎರಡು ದಿನ ಫ್ರಿಜ್ಜಿನ ಬಾಗಿಲು ತೆರೆದು ತೆರೆದು ನೋಡಿದ್ದೇನೆ, ನೀರು ನೀರಾಗಿಯೇ ಇತ್ತು. ನೀರುಳ್ಳಿ ಸಿಪ್ಪೆ ತೊಳೆದು ಹಾಕಿದರೆ ಹೊನ್ನಿನ ಬಣ್ಣ. ಒಂದೂವರೆ ಗಂಟೆ ಕಾಯಿಸಿ, ಶೋಧಿಸಿ, ಒದ್ದೆ ಕೈಯಲ್ಲಿ ಎಪ್ಪತ್ತು ಗ್ರಾಂ ತೂಕದ ಮೊಟ್ಟೆಯಾಕಾರದ ಉಂಡೆಗಳನ್ನು ಮೆಲ್ಲಗೆ ಬಿಡಿ. ಸಾರಿನ ಮೇಲೆ ಅಲ್ಲಲ್ಲಿ ಒಂದೊಂದು ಗುಳ್ಳೆ ಏಳಬೇಕು, ಅಷ್ಟೇ. ಒಂದು ಗಂಟೆ. ಮೊದಲ ಇಪ್ಪತ್ತು ನಿಮಿಷ ಸೌಟು ಮುಟ್ಟಬೇಡಿ. ಸಾರಿನಲ್ಲೇ ತಣಿಯಲಿ, ನಂತರ ಪ್ರತಿ ಉಂಡೆಯ ಮೇಲೆ ಒಂದು ಕ್ಯಾರೆಟ್ ಬಿಲ್ಲೆ. ಕೋಳಿ ಸಾರು ಬೆರೆಸುವ ಆಸೆ ಬೇಡ, ಇವರ ಆಚಾರದಲ್ಲಿ ಮೀನು ಮತ್ತು ಮಾಂಸ ಒಟ್ಟಿಗೆ ಬೇಯಿಸುವುದಿಲ್ಲ.

ಇನ್ನೊಂದು ವಿಷಯ, ಹೊಸಬರು ಇದರಲ್ಲೇ ಬೈಸಿಕೊಳ್ಳುವುದು. ನಾವು ಯೆಹೂದಿಗಳಲ್ಲ. ನಾವೇ ಒಲೆ ಹೊತ್ತಿಸಿ ಬೇಯಿಸಿದ್ದನ್ನು ಆಚಾರವಂತರು ತಿನ್ನುವುದಿಲ್ಲ. ಅಶ್ಕೆನಾಝಿ ಮನೆಯಲ್ಲಿ ಅವರು ಗ್ಯಾಸ್ ಹೊತ್ತಿಸಿಕೊಟ್ಟರೆ ಸಾಕು. ಸೆಫಾರ್ದಿ (ಸ್ಪೇನ್, ಉತ್ತರ ಆಫ್ರಿಕಾ ಕಡೆಯ ಯೆಹೂದಿ) ಮನೆಯಲ್ಲಿ ಪಾತ್ರೆಯನ್ನೂ ಅವರೇ ಒಲೆಯ ಮೇಲಿಡಬೇಕು. ನಡುವೆ ಉರಿ ಆರಿದರೆ ಲೈಟರ್ ಹಿಡಿಯಬೇಡಿ, ಕರೆಯಿರಿ.

ಖರ್ಚಿನ ಲೆಕ್ಕ: ಗೆಂಡೆ ಕಿಲೋಗೆ ನಲವತ್ತರ ಆಸುಪಾಸು ಇದ್ದಾಗ ಮೀನಿಗೆ ನೂರರವತ್ತು, ಉಳಿದದ್ದಕ್ಕೆ ಇಪ್ಪತ್ತೈದು ಶೆಕೆಲ್. ಮೂವತ್ತರ ಹತ್ತಿರ ಉಂಡೆ, ಒಂದಕ್ಕೆ ಆರು ಶೆಕೆಲ್. ಫ್ರೋಝನ್ ರೋಲ್ ಇದಕ್ಕಿಂತ ಅಗ್ಗ, ಅದನ್ನು ಒಪ್ಪುತ್ತೇನೆ. ಹಬ್ಬದ ವಾರದಲ್ಲಿ ರೇಟು ಏರುತ್ತದೆ, ಹತ್ತು ದಿನ ಮೊದಲೇ ಮಾಂಸ ಬಿಡಿಸಿ ಫ್ರೀಝ್ ಮಾಡಿ ನೋಡಿದೆ. ಅಂಟು ಅರ್ಧಕ್ಕರ್ಧ ಕಡಿಮೆಯಾಯಿತು. ತಲೆ-ಮುಳ್ಳಿನ ಸಾರನ್ನು ಮಾತ್ರ ಮೊದಲೇ ಮಾಡಿ ಫ್ರೀಝ್ ಮಾಡಬಹುದು.

ಗೆಫಿಲ್ಟೆ ಅಂದರೆ ‘ತುಂಬಿದ್ದು’. ಹಳೆ ಪದ್ಧತಿಯಂತೆ ಚರ್ಮದ ಬಳೆಯೊಳಗೆ ಹಿಟ್ಟು ತುಂಬಿಯೂ ಬೇಯಿಸಿದೆ. ನೋಡಲು ಚೆಂದ, ಆದರೆ ಹನ್ನೆರಡು ತುಂಡಿಗೆ ಮೂರು ಗಂಟೆ. ಇನ್ನೊಮ್ಮೆ ಇಲ್ಲ.

ಯೆಹೂದಿಗಳ ಹೊಸ ವರ್ಷ ರೋಶ್ ಹಶಾನಾಗೆ ಲಿಬಿಯಾದ ಟ್ರಿಪೋಲಿ ಮೂಲದವರ ಖ್ರೈಮೆ (ಖಾರದ ಮೀನಡುಗೆ) ಮಾಡುವಾಗ ಪಾಪ್ರಿಕಾ ಬದಲು ಬ್ಯಾಡಗಿ ಮೆಣಸು ಹಾಕಿದ್ದೂ ಉಂಟು, ಮನೆಯವರ ಒಪ್ಪಿಗೆ ಪಡೆದೇ. ಎಂಟು ಮೆಣಸಿನ ಬೀಜ ತೆಗೆದು ನೆನೆಸಿ, ಹತ್ತು ಎಸಳು ಬೆಳ್ಳುಳ್ಳಿ, ಜೀರಿಗೆ, ಶಾಹಿಜೀರಿಗೆಯೊಡನೆ ಅರೆದು ಎಣ್ಣೆಯಲ್ಲಿ ಬಾಡಿಸಿ, ಟೊಮೆಟೊ ಪೇಸ್ಟ್, ನೀರು, ಕೊನೆಗೆ ನಿಂಬೆ. ಬಣ್ಣದಲ್ಲಿ ಪಾಪ್ರಿಕಾ ಸೋತಿತು. ಅರೆದ ಮಸಾಲೆಯಾದ್ದರಿಂದ ಪಾಪ್ರಿಕಾ ಹುಡಿಯಷ್ಟು ಬೇಗ ಕರಟಿ ಕಹಿಯಾಗುವುದೂ ಇಲ್ಲ. ಆ ಹಬ್ಬಕ್ಕೆ ‘ಬಾಲವಾಗದೆ ತಲೆಯಾಗಲಿ’ ಎಂದು ಮೀನಿನ ತಲೆಯನ್ನೂ ಮೇಜಿಗಿಡುತ್ತಾರೆ. ಸಾರಿಗೆ ಹಾಕಿದ ತಲೆ ಕಳಚಿಹೋಗಿರುತ್ತದೆ, ಹಾಗಾಗಿ ಇನ್ನೊಂದನ್ನು ಬಟ್ಟೆಯಲ್ಲಿ ಕಟ್ಟಿ ಇಪ್ಪತ್ತೇ ನಿಮಿಷ ಬೇಯಿಸಿ ತೆಗೆದಿಡಿ.