ಹಿತ್ತಲ ಕುಂಬಳ, ಸೇಲಂ ಕಲ್ಲಿನ ಪಾತ್ರೆ

ಊರು ಸುತ್ತಿ ಬರುವಾಗ ಎಲ್ಲರ ಬ್ಯಾಗಿನಲ್ಲಿ ಸೀರೆ, ಸಿಹಿತಿಂಡಿ ಇರುತ್ತದೆ. ನನ್ನ ಬ್ಯಾಗಿನಲ್ಲಿ ಪಾತ್ರೆ. ಸೇಲಂನಿಂದ ಬಳಪದ ಕಲ್ಲಿನ ಪಾತ್ರೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದೆ. ‘ದುಡ್ಡು ಕೊಟ್ಟು ಕಲ್ಲು ಹೊತ್ತು ತರೋಳು ನೀನೊಬ್ಬಳೇ’ ಅಂದರು ಮನೆಯವರು. ಈಗ ಹಿತ್ತಲಲ್ಲಿ ಸಿಹಿಗುಂಬಳ ಬಲಿತರೆ ಅಟ್ಟದಿಂದ ಆ ಪಾತ್ರೆ ಇಳಿಸಿಕೊಡುವವರು ಅವರೇ. ಅದರಲ್ಲಿ ನಾನು ಮಾಡುವುದು ಎರಿಶೇರಿ. ಕೇರಳದಲ್ಲಿ ಓಣಂ ಊಟದ ಎಲೆಗೆ ಬಡಿಸುವ ಕುಂಬಳ, ಅಲಸಂದೆಯ ಅಡುಗೆ.

ಮೊದಲು ಕಾಯಿ. ತೊಟ್ಟು ಒಣಗಿ ಕಟ್ಟಿಗೆಯಂತಾಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು. 2 ಇಂಚು ತೊಟ್ಟು ಬಿಟ್ಟೇ ಕೊಯ್ಯಿರಿ. ತೊಟ್ಟು ಕಿತ್ತು ಬಂದರೆ ಅಲ್ಲಿಂದಲೇ ಕೊಳೆಯಲು ಶುರು. ಗಾಳಿಯಾಡುವ ಕಡೆ 10–15 ದಿನ ಇಟ್ಟರೆ ಸಿಹಿ ಜಾಸ್ತಿಯಾಗುತ್ತದೆ. (ಎಳೆಗಾಯಿಗೆ ಬೆರಳು ತೋರಿಸಿದರೆ ಉದುರುತ್ತದೆ ಅಂತ ಅಜ್ಜಿ ಬೈಯುತ್ತಿದ್ದರು. ನಾನು ಈಗಲೂ ಮುಷ್ಟಿ ಮಡಚಿಯೇ ತೋರಿಸುತ್ತೇನೆ.)

ಹೊಸ ಕಲ್ಲಿನ ಪಾತ್ರೆಯನ್ನು ಸೀದಾ ಒಲೆಗಿಡಬೇಡಿ. ನನ್ನ ಮೊದಲ ಪಾತ್ರೆ ಹೋಗಿದ್ದು ಹಾಗೇ. ಮಾರಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡ ಉರಿಗಿಟ್ಟೆ. ಟಕ್ ಅಂತ ಸದ್ದು, ತಳದಿಂದ ಅಂಚಿನವರೆಗೆ ಕೂದಲೆಳೆಯಷ್ಟು ಬಿರುಕು. ಒಳಗೂ ಹೊರಗೂ ಎಣ್ಣೆ, ಅರಿಶಿನ ಸವರಿ ಒಂದು ದಿನ ಬಿಟ್ಟು ತೊಳೆಯಿರಿ. ಹೀಗೆ 4–5 ದಿನ. ಆಮೇಲೆ ಒಂದು ವಾರ ದಿನಾ ಬಿಸಿ ಗಂಜಿ ತಿಳಿ ತುಂಬಿಸಿಡಿ. ಕೊನೆಗೆ ಸಣ್ಣ ಉರಿಯಲ್ಲಿ ನೀರು ಕಾಯಿಸಿ ನೋಡಿ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕೆತ್ತಿದ್ದೂ ಇದೇ ಜಾತಿಯ ಮೆದು ಕಲ್ಲಿನಲ್ಲಿ. ಉಳಿಗೆ ಬೇಗ ಬಗ್ಗುವ ಕಲ್ಲು, ಒಲೆಗೆ ಬಗ್ಗಲು ಮಾತ್ರ ಸತಾಯಿಸುತ್ತದೆ.

ಹೆಚ್ಚುವುದಕ್ಕೆ ಶಿರಸಿಯಲ್ಲಿ ಕೊಂಡ ಮೆಟ್ಟುಗತ್ತಿ. ಬಲಿತ ಸಿಪ್ಪೆಯ ಮೇಲೆ ಚಾಕು ಜಾರುತ್ತದೆ, ಅಲ್ವಾ? ಇದರ ಮಣೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಎರಡೂ ಕೈಯಲ್ಲಿ ಕಾಯಿ ಒತ್ತಿದರಾಯಿತು. ಸಿಪ್ಪೆ ತೆಗೆದು 1 ಇಂಚಿನ ಹೋಳು ಮಾಡಿ.

ರಾತ್ರಿ ನೆನೆಸಿದ ಅರ್ಧ ಕಪ್ ಕೆಂಪು ಅಲಸಂದೆಯನ್ನು ಕುಕ್ಕರಿನಲ್ಲಿ ಬೇಯಿಸಿಕೊಳ್ಳಿ. ಕಲ್ಲಿನ ಪಾತ್ರೆಗೆ ಅರ್ಧ ಕಿಲೋ ಹೋಳು, 1 ಕಪ್ ನೀರು, ಉಪ್ಪು, ಅರಿಶಿನ, ಅರ್ಧ ಚಮಚ ಖಾರದ ಪುಡಿ. ಉರಿ ಸಣ್ಣದಿರಲಿ. 1 ಕಪ್ ತೆಂಗಿನ ತುರಿ, 1 ಚಮಚ ಜೀರಿಗೆ, 2 ಹಸಿಮೆಣಸು ತರಿತರಿಯಾಗಿ ರುಬ್ಬಿಡಿ.

ಕೈಯಾಡಿಸುವುದಕ್ಕೆ ಪಾಲಕ್ಕಾಡಿನಿಂದ ತಂದ ತೆಂಗಿನ ಚಿಪ್ಪಿನ ಸೌಟು. ಬಳಪದ ಕಲ್ಲಲ್ಲವೇ, ಸ್ಟೀಲ್ ಸೌಟು ತಾಗಿದರೆ ಗೀರು ಬೀಳುತ್ತದೆ. ಸೌಟಿನಲ್ಲಿ ಒತ್ತಿದಾಗ ಹೋಳಿನ ಮೂಲೆ ಮಾತ್ರ ಮುರಿದು, ನಡುವೆ ಇನ್ನೂ ಗಟ್ಟಿ ಇದೆಯೇ? ಅದೇ ಹದ. ಅಲಸಂದೆ, ರುಬ್ಬಿದ್ದು ಹಾಕಿ, ಒಂದು ಕುದಿ ಬಂದ ಕೂಡಲೇ ಒಲೆ ಆರಿಸಿ. ಪೂರ್ತಿ ಬೇಯಲಿ ಅಂತ ಕಾಯಬೇಡಿ. ಕಲ್ಲು ಕಾದಿರುತ್ತದೆ, ಒಲೆ ಆರಿದ ಮೇಲೂ ಒಳಗೆ ಗುಳುಗುಳು ಕುದಿಯುತ್ತಲೇ ಇರುತ್ತದೆ. ಉಳಿದದ್ದು ಆ ಬಿಸಿಯಲ್ಲೇ ಬೇಯುತ್ತದೆ. ಕಾಯುತ್ತಾ ಕೂತರೆ ಸಿಗುವುದು ಕುಂಬಳದ ಮುದ್ದೆ.

ಒಗ್ಗರಣೆಯಲ್ಲಿ ಕಂಜೂಸ್ ಬೇಡ. 2 ಚಮಚ ಕೊಬ್ಬರಿ ಎಣ್ಣೆಗೆ ಸಾಸಿವೆ, ಒಣಮೆಣಸು, ಕರಿಬೇವು, ಮತ್ತೆ ಅರ್ಧ ಕಪ್ ತೆಂಗಿನ ತುರಿ. ತುರಿ ಕೆಂಪಗಾಗಿ ಮನೆಯೆಲ್ಲ ಘಮ್ ಅನ್ನುವಾಗ ಸುರಿಯಿರಿ.

ಪಾತ್ರೆ ಪೂರ್ತಿ ತಣಿಯುವವರೆಗೆ ನೀರು ಮುಟ್ಟಿಸಬೇಡಿ. ಸೋಪೂ ಬೇಡ, ಕಡಲೆಹಿಟ್ಟು ಹಾಕಿ ಉಜ್ಜಿದರೆ ಸಾಕು.