ಬೇರೆ ಸಂಸ್ಕೃತಿಗಳ ಕೃತಿಗಳನ್ನು ತರಗತಿಯಲ್ಲಿ ಓದಿಸುವ ಬಗೆ

ಬೇರೊಂದು ಸಂಸ್ಕೃತಿಯ ಕೃತಿಯನ್ನು ಪಾಠಕ್ಕೆ ಆಯ್ದುಕೊಳ್ಳುವಾಗ, ಆ ಸಮುದಾಯದ ಬಗ್ಗೆ ಹೊರಗಿನವರು ಬರೆದದ್ದಕ್ಕಿಂತ ಆ ಸಮುದಾಯದವರೇ ಬರೆದದ್ದಕ್ಕೆ ಆದ್ಯತೆ ನೀಡಬೇಕು. ಓದಿಗೆ ಮುನ್ನ ದೀರ್ಘ ಪೀಠಿಕೆ ಬೇಡ. ಒಂದು ನಕಾಶೆ, ಕೃತಿಯ ಕಾಲ, ಲೇಖಕರ ಕಿರುಪರಿಚಯ ಸಾಕು.

ನೈಜೀರಿಯಾದ ಚಿನುವ ಅಚೆಬೆ ಅವರ ‘ಥಿಂಗ್ಸ್ ಫಾಲ್ ಅಪಾರ್ಟ್’ (1958) ಕಾದಂಬರಿಯನ್ನು ಪ್ರೌಢ ತರಗತಿಗಳಿಗೆ ತೆಗೆದುಕೊಳ್ಳಬಹುದು. ಇಡೀ ಕಾದಂಬರಿ ಇಗ್ಬೊ ಜನರ ಬದುಕನ್ನು ಒಳಗಿನಿಂದ ಕಾಣಿಸಿದ ಮೇಲೆ, ಕೊನೆಯಲ್ಲಿ ಬ್ರಿಟಿಷ್ ಜಿಲ್ಲಾಧಿಕಾರಿಯೊಬ್ಬ ತಾನು ಬರೆಯಲಿರುವ ಪುಸ್ತಕದಲ್ಲಿ ನಾಯಕ ಒಕೊಂಕ್ವೊನ ಕಥೆಗೆ ಒಂದು ಪ್ಯಾರಾದಷ್ಟು ಜಾಗ ಸಾಕೆಂದು ಲೆಕ್ಕ ಹಾಕುತ್ತಾನೆ. ಆ ಪ್ಯಾರಾವನ್ನು ಅಧಿಕಾರಿಯ ದನಿಯಲ್ಲೇ ವಿದ್ಯಾರ್ಥಿಗಳಿಂದ ಬರೆಸಿ, ಅದರಲ್ಲಿ ಏನೇನು ಬಿಟ್ಟುಹೋಯಿತೆಂದು ಪಟ್ಟಿ ಮಾಡಿಸಿದರೆ, ಕಥೆಯನ್ನು ಯಾರು ಹೇಳುತ್ತಾರೆಂಬುದು ಏಕೆ ಮುಖ್ಯವೆಂದು ಉಪನ್ಯಾಸವಿಲ್ಲದೆಯೇ ಅವರಿಗೆ ಮನವರಿಕೆಯಾಗುತ್ತದೆ. ಇಂಥ ಬರವಣಿಗೆಗೆ ಅಂಕ ನೀಡದಿರುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಸುದ್ದಿಮಾಧ್ಯಮಕ್ಕೂ ಇದೇ ಕ್ರಮ ಒಪ್ಪುತ್ತದೆ: ಒಂದೇ ಘಟನೆಗೆ ಎರಡು ದೇಶಗಳ ಪತ್ರಿಕೆಗಳು ಕೊಟ್ಟ ತಲೆಬರಹಗಳನ್ನೂ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲು ಹೇಳಬಹುದು. ಕೃತಿಯ ಸಂಸ್ಕೃತಿಗೆ ಸೇರಿದ ಮಕ್ಕಳು ತರಗತಿಯಲ್ಲಿದ್ದರೆ, ತಾವಾಗಿಯೇ ಮುಂದೆ ಬಾರದ ಹೊರತು ಅವರನ್ನು ಇಡೀ ಸಮುದಾಯದ ವಕ್ತಾರರನ್ನಾಗಿ ನಿಲ್ಲಿಸಬಾರದು.